ಅಡಿಕೆ ಕೊಳೆರೋಗಾಣುವಿನ ಗುರುತು: 1906ರಿಂದ ಈಚಿನ ಚರಿತ್ರೆ

ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿಗೆ ಕಳೆದ ಶತಮಾನದ ಆರಂಭದಿಂದ ಈವರೆಗೆ ಕನಿಷ್ಠ ಐದು ವೈಜ್ಞಾನಿಕ ಹೆಸರುಗಳು ಬಂದಿವೆ. ಅದನ್ನು ತಡೆಯಲು ಹೊಡೆಯುವ ಔಷಧಿ ಮಾತ್ರ ಹಳೆಯದೇ: ಮೈಲುತುತ್ತು, ಸುಣ್ಣ, ನೀರು ಬೆರೆತ ಬೋರ್ಡೋ ದ್ರಾವಣ. ಹಾಗಿದ್ದಮೇಲೆ ರೋಗಾಣುವನ್ನು ಗುರುತು ಹಚ್ಚುವ ಈ ದೀರ್ಘ ಕೆಲಸದಿಂದ ತೋಟದವರಿಗೆ ಸಿಕ್ಕಿದ್ದೇನು? ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆಗೆ ಮದ್ದು ಕಂಡುಹಿಡಿದವರು ಎಂದು ಹೇಳುವುದುಂಟು. ಅದು ಅರ್ಧ ಸತ್ಯ. ಬೋರ್ಡೋ ದ್ರಾವಣವನ್ನು 1885ರ ಹೊತ್ತಿಗೇ ಫ್ರಾನ್ಸಿನ ಮಿಲ್ಲಾರ್ಡೆ ದ್ರಾಕ್ಷಿ ತೋಟಗಳಿಗಾಗಿ ಪ್ರಚಾರಕ್ಕೆ ತಂದಿದ್ದರು. ಕೋಲ್ಮನ್ನರ ಹೆಚ್ಚುಗಾರಿಕೆಯನ್ನು ಹುಡುಕಬೇಕಾದ್ದು ಮದ್ದಿನ ಡ್ರಮ್ಮಿನಲ್ಲಲ್ಲ, ರೋಗಾಣುವಿನ ನಡೆಯನ್ನು ಅವರು ಓದಿದ ರೀತಿಯಲ್ಲಿ.

ಮೊದಲಿಗೆ ಒಂದು ಗೊಂದಲವನ್ನು ಬದಿಗಿಡಬೇಕು. ಕಾಫಿ ತೋಟದವರೂ ತಮ್ಮ ಗಿಡದ ಎಲೆ ಕಪ್ಪಾಗಿ ಕೊಳೆತು ಎಳೆಯೊಂದರಲ್ಲಿ ನೇತಾಡುವ ರೋಗವನ್ನು ಕೊಳೆರೋಗವೆಂದೇ ಕರೆಯುತ್ತಾರೆ. ಅದರ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟರು. ಅಡಿಕೆಯ ರೋಗಾಣುವಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಹಳೆಯ ಬರಹಗಳಲ್ಲಿ ಬರೀ 'ಕೊಳೆರೋಗ' ಎಂದಿದ್ದರೆ ಯಾವ ಬೆಳೆಯ ಮಾತು ಎಂದು ನೋಡಿಕೊಂಡೇ ಮುಂದೆ ಹೋಗಬೇಕು.

ಅಡಿಕೆಯ ಕೊಳೆಯನ್ನು ಸೂಕ್ಷ್ಮದರ್ಶಕದಡಿ ತಂದವರಲ್ಲಿ ಪೂಸಾ ಸಂಸ್ಥೆಯ ಇ.ಜೆ. ಬಟ್ಲರ್ ಮೊದಲಿಗರು. ತಾಳೆ ಜಾತಿಯ ಮರಗಳ ರೋಗಗಳ ಬಗ್ಗೆ 1906ರಲ್ಲಿ ಬರೆದಾಗ ಅವರು ಇದನ್ನು ಫೈಟಾಫ್ಥೊರ ಆಮ್ನಿವೊರ ಎಂದು ಗುರುತಿಸಿದರು. ಫೈಟಾಫ್ಥೊರ ಕುಲವನ್ನು 1876ರಲ್ಲಿ ಕಟ್ಟಿದವರು ಆಲೂಗಡ್ಡೆಯ ಅಂಗಮಾರಿಯ ಗುಟ್ಟು ಬಿಡಿಸಿದ ಜರ್ಮನಿಯ ಡಿ ಬ್ಯಾರಿ. ಹಲವು ಗಿಡಗಳನ್ನು ಕಾಡುವ ರೋಗಾಣುಗಳನ್ನು ಒಟ್ಟುಮಾಡಿ 1881ರಲ್ಲಿ ಆಮ್ನಿವೊರ ಎಂಬ ಪ್ರಭೇದ ಮಾಡಿದವರೂ ಅವರೇ. ಎಲ್ಲವನ್ನೂ ತಿನ್ನುವುದು ಎಂಬ ಅರ್ಥದ ಆ ಹೆಸರು, ಬೇರೆ ಕಡೆ ಸಲ್ಲದ್ದನ್ನೆಲ್ಲ ತುಂಬಿಡುವ ಅಟ್ಟದಂತಾಗಿತ್ತು.

ಕೆನಡಾದಲ್ಲಿ ಹುಟ್ಟಿ ಜರ್ಮನಿಯ ಗಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದ ಕೋಲ್ಮನ್ 1908ರಲ್ಲಿ ಮೈಸೂರಿಗೆ ಬಂದರು. ಶಿಲೀಂಧ್ರಶಾಸ್ತ್ರ, ಕೀಟಶಾಸ್ತ್ರ ಎರಡೂ ಅವರೊಬ್ಬರ ಹೆಗಲಿಗೆ ಬಿದ್ದಿದ್ದವು. ಕೊಳೆರೋಗದ ಮೇಲಿನ ಅವರ ಪುಸ್ತಿಕೆ 1910ರಲ್ಲಿ ಇಲಾಖೆಯಿಂದ ಪ್ರಕಟವಾಯಿತು. ಅದರಲ್ಲಿ ಅವರು ಅಡಿಕೆಯ ರೋಗಾಣುವನ್ನು ಆಮ್ನಿವೊರದ ಒಂದು ಬಗೆ ಎಂದು ಬೇರ್ಪಡಿಸಿ 'ಅರೆಕೆ' ಎಂದು ಕರೆದರು. ಹೊಸ ಪ್ರಭೇದವೆಂದು ಸಾರುವ ಅವಸರ ತೋರಲಿಲ್ಲ. 1913ರಲ್ಲಿ, ಐರ್ಲೆಂಡಿನಲ್ಲಿ ಆಲೂಗಡ್ಡೆಯ ಕೊಳೆತದ ಮೇಲೆ ಕೆಲಸ ಮಾಡುತ್ತಿದ್ದ ಪೆಥಿಬ್ರಿಜ್ ಅದನ್ನು ಫೈಟಾಫ್ಥೊರ ಅರೆಕೆ ಎಂಬ ಸ್ವತಂತ್ರ ಪ್ರಭೇದದ ಸ್ಥಾನಕ್ಕೇರಿಸಿದರು. ತೋಟ ಒಂದು ಖಂಡದಲ್ಲಿ, ನಾಮಕರಣ ಇನ್ನೊಂದರಲ್ಲಿ. ಆ ಕಾಲದ ವಿಜ್ಞಾನ ನಡೆಯುತ್ತಿದ್ದುದೇ ಹೀಗೆ.

ಹೆಸರಿಗಿಂತ ಬೆಲೆಯುಳ್ಳದ್ದು ಜೀವನಚಕ್ರ. ಫೈಟಾಫ್ಥೊರದ ಬೀಜಕಕೋಶ ನೀರಿಗೆ ಬಿದ್ದರೆ ಒಡೆದು, ಎರಡೆರಡು ಕಶಾಂಗಗಳಿರುವ ಈಜುವ ಬೀಜಾಣುಗಳನ್ನು ಬಿಡುತ್ತದೆ. ಎಳೆಗಾಯಿಯ ಮೇಲೆ ನೀರಿನ ಪದರ ನಿಂತಿದ್ದರೆ ಅವುಗಳ ಕೆಲಸ ಸಲೀಸು. ಆಷಾಢದ ಜಡಿಮಳೆ, ನಡುವೆ ಹೊಳೆಯುವ ಬಿಸಿಲು, ಮತ್ತೆ ಮಳೆ ಎಂಬ ಹವೆಯಲ್ಲಿ ಕೊಳೆ ಏರುವುದು ಇದಕ್ಕೇ. ಅಡಿಕೆಯ ಕೊನೆಗೆ (ಗೊಂಚಲಿಗೆ) ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆ ತಾಗದಂತೆ ಮಾಡುತ್ತಿದ್ದ ಬೆಳೆಗಾರರು ರೋಗಾಣುವನ್ನು ನೋಡದೆಯೇ ಅದರ ವಾಹನವನ್ನು ಸರಿಯಾಗಿ ಗುರುತಿಸಿದ್ದರು. ಗುರುತಿನ ಚರಿತ್ರೆ ಬರೆಯುವವರು ಅವರನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಆದರೆ ಎತ್ತರದ ಮರ ಹತ್ತಿ ಕೊನೆಕೊನೆಗೂ ಕೊಟ್ಟೆ ಕಟ್ಟುವುದು ಬಹಳ ಆಳು ಬೇಡುವ ಕೆಲಸ. ಸೋಂಕು ಕಾಯಿಯ ಹೊರಮೈಯಲ್ಲಿ, ನೀರಿನ ಮೂಲಕ ಶುರುವಾಗುತ್ತದೆ ಎಂದು ಖಚಿತವಾದಾಗ, ಮಳೆ ಹಿಡಿಯುವ ಮೊದಲೇ ಕಾಯಿಗೆ ತಾಮ್ರದ ಲೇಪ ಕೊಡಬೇಕು, ಅದು ತೊಳೆದುಹೋಗದಂತೆ ಅಂಟು ಸೇರಿಸಬೇಕು ಎಂಬ ಕ್ರಮಕ್ಕೆ ಆಧಾರ ಸಿಕ್ಕಿತು. ಈಗಲೂ ಮೊದಲ ಔಷಧಿ ಮುಂಗಾರಿಗೆ ಮುಂಚೆ, ಎರಡನೆಯದು 40-45 ದಿನ ಬಿಟ್ಟು. 100 ಲೀಟರ್ ನೀರಿಗೆ ತಲಾ 1 ಕಿಲೊ ಮೈಲುತುತ್ತು ಮತ್ತು ಸುಣ್ಣ. ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಕಟ್ಟಿದರೆ ಸುಣ್ಣ ಸಾಲದು ಎಂದರ್ಥ.

ಪ್ರಯೋಗಾಲಯದಲ್ಲಿ ಗುರುತು ಹಚ್ಚುವುದು ಅಷ್ಟು ನೇರವಲ್ಲ. ಪೂರ್ತಿ ಕೊಳೆತ ಕಾಯಿಯಿಂದ ಚೂರು ತೆಗೆದರೆ ಫ್ಯುಸೇರಿಯಂ, ಬ್ಯಾಕ್ಟೀರಿಯಾ ಮುಂತಾದ ಹಿಂಬಾಲಕ ಜೀವಿಗಳು ಮುನ್ನುಗ್ಗಿ ಅಸಲಿ ಆರೋಪಿಯನ್ನು ಮುಚ್ಚಿಹಾಕುತ್ತವೆ. ತೊಟ್ಟಿನ ಬಳಿ ಕಡುಹಸಿರಾಗಿ ನೀರು ಹಿಡಿದಂತೆ ಕಾಣುವ ಕಲೆ ಎಲ್ಲಿ ಮುಗಿದು ಆರೋಗ್ಯವಾದ ಸಿಪ್ಪೆ ಎಲ್ಲಿ ಶುರುವಾಗುತ್ತದೋ, ಆ ಗಡಿಯ ಚೂರೇ ಬೇಕು. ಬೆಳೆದ ಜೀವಿಯನ್ನು ಒಳ್ಳೆಯ ಕಾಯಿಗೆ ಸೋಂಕಿಸಿ, ಅದೇ ಲಕ್ಷಣ ಬಂದು, ಅದೇ ಜೀವಿ ಮತ್ತೆ ಸಿಕ್ಕಿದರೆ ಮಾತ್ರ ಸಾಕ್ಷ್ಯ ಪೂರ್ಣ. ಆಮೇಲೆ ಬರುವುದು ಅಳತೆ. ಬೀಜಕಕೋಶ ಉದುರುವಾಗ ಅದಕ್ಕೆ ಅಂಟಿಕೊಂಡಿರುವ ತೊಟ್ಟಿನ ಉದ್ದ ಫೈಟಾಫ್ಥೊರದ ಪ್ರಭೇದದಿಂದ ಪ್ರಭೇದಕ್ಕೆ ಬೇರೆ: ಪಾಮಿವೊರದಲ್ಲಿ ಸುಮಾರು 5 ಮೈಕ್ರಾನಿನೊಳಗೆ, ಮೀಡಿಯೈಯಲ್ಲಿ ಮಧ್ಯಮ, ಕಾಳುಮೆಣಸಿನ ಬಳ್ಳಿಯನ್ನು ಸೊರಗಿಸುವ ಕ್ಯಾಪ್ಸಿಸಿಯಲ್ಲಿ ಇನ್ನೂ ಉದ್ದ. ದಶಕಗಳ ವಾಗ್ವಾದ ಇಷ್ಟು ಸಣ್ಣ ತೊಟ್ಟಿಗೆ ಜೋತುಬಿದ್ದಿತ್ತು.

ಅಳತೆಯ ಆಧಾರ ಅಲುಗಾಡಿದ್ದಕ್ಕೆ ಬಟ್ಲರ್ ಅವರೇ ಉದಾಹರಣೆ. ಗೋದಾವರಿ ಸೀಮೆಯ ತಾಳೆಮರಗಳ ಸುಳಿ ಕೊಳೆಸುವ ಜೀವಿಯನ್ನು 1907ರಲ್ಲಿ ಪಿಥಿಯಂ ಕುಲಕ್ಕೆ ಸೇರಿಸಿದ್ದ ಅವರು 1919ರಲ್ಲಿ ಅದನ್ನು ಫೈಟಾಫ್ಥೊರ ಪಾಮಿವೊರ ಎಂದು ತಾವೇ ತಿದ್ದಿದರು. 1991ರಲ್ಲಿ ಔಡೆಮನ್ಸ್ ಮತ್ತು ಕಾಫಿ (Coffey) ಎಂಬ ವಿಜ್ಞಾನಿಗಳು ಕಿಣ್ವಗಳ ಮಾದರಿ ಹೋಲಿಸಿ, ಅರೆಕೆಯನ್ನು ಪಾಮಿವೊರದಿಂದ ಬೇರೆ ಮಾಡಲಾಗದು ಎಂದರು. ಅಲ್ಲಿಗೆ ಕೋಲ್ಮನ್ನರ ಹೆಸರು ಹೋಯಿತು. ಅಷ್ಟರಲ್ಲಿ ಕರ್ನಾಟಕದಲ್ಲೇ ಇನ್ನೊಂದು ತಿರುವು ಬಂದಿತ್ತು. 1980ರ ದಶಕದಲ್ಲಿ ಶಾಸ್ತ್ರಿ ಮತ್ತು ಹೆಗಡೆ ಇಲ್ಲಿನ ಅಡಿಕೆಯಲ್ಲಿ ಫೈಟಾಫ್ಥೊರ ಮೀಡಿಯೈ ಇರುವುದನ್ನು ವರದಿ ಮಾಡಿದರು. ಮೆಕ್‌ರೇ 1918ರಲ್ಲಿ ರಬ್ಬರ್ ಮರದಿಂದ ವಿವರಿಸಿದ್ದ ಪ್ರಭೇದವದು. ಈಚಿನ ಡಿಎನ್‌ಎ ಅಧ್ಯಯನಗಳೂ ನಮ್ಮ ಅಡಿಕೆ ಸೀಮೆಯಲ್ಲಿ ಮೀಡಿಯೈಯದೇ ಮೇಲುಗೈ ಎನ್ನುತ್ತವೆ. 1910ರಲ್ಲಿ ಕೋಲ್ಮನ್ ನೋಡಿದ್ದೂ ಅದನ್ನೇ ಎಂದು ಇದರಿಂದ ತೀರ್ಮಾನಿಸುವುದು ದುಡುಕು. ಸಂಗ್ರಹಗಳಲ್ಲಿ ಅರೆಕೆ ಎಂಬ ಚೀಟಿ ಹೊತ್ತ ತಳಿಗಳೆಲ್ಲ ಅವರ ತೋಟದವಲ್ಲ.

ಪ್ರಭೇದದ ಈ ಜಗಳ ತೋಟಕ್ಕೆ ಹೆಚ್ಚು ತಟ್ಟದಿರಬಹುದು. ಅದಕ್ಕಿಂತ ದೊಡ್ಡ ತಿದ್ದುಪಡಿಯೊಂದು ತಟ್ಟುತ್ತದೆ: ಫೈಟಾಫ್ಥೊರ ನಿಜಾರ್ಥದಲ್ಲಿ ಶಿಲೀಂಧ್ರವೇ ಅಲ್ಲ. ಅದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ, ಅದರ ಹತ್ತಿರದ ಬಂಧುಗಳು ಕಂದು ಪಾಚಿ ಮತ್ತು ಡಯಾಟಮ್‌ಗಳು. ಶಿಲೀಂಧ್ರಗಳು ತಯಾರಿಸುವ ಎರ್ಗೊಸ್ಟೆರಾಲನ್ನು ಅದು ತಯಾರಿಸುವುದಿಲ್ಲ. ಆ ತಯಾರಿಕೆಯನ್ನೇ ತಡೆದು ಕೆಲಸ ಮಾಡುವ ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್ ಕೊಳೆಗೆ ನಾಟದಿರುವುದು ಅದಕ್ಕೇ. ಕಾರ್ಬೆಂಡಜಿಮ್ ಕೂಡ ನಾಟುವುದಿಲ್ಲ. ಕೆಲವು ವರ್ಷಗಳಿಂದ ಮಲೆನಾಡನ್ನು ಕಂಗೆಡಿಸಿರುವ ಎಲೆಚುಕ್ಕಿ ರೋಗದಲ್ಲಿ ಕಾಣುವ ಕೊಲೆಟೊಟ್ರೈಕಂ, ಫಿಲ್ಲೊಸ್ಟಿಕ್ಟ ಅಸಲಿ ಶಿಲೀಂಧ್ರಗಳು. ಪ್ರೊಪಿಕೊನಜೋಲ್ ಶಿಫಾರಸಾಗಿರುವುದು ಅವಕ್ಕೆ. ಒಂದೇ ಮರದ ಸೋಗೆಗೆ ಒಂದು, ಕೊನೆಗೆ ಇನ್ನೊಂದು ಔಷಧಿ ಬೇಕಾಗಿದೆ. ಅಂಗಡಿಯಲ್ಲಿ ಮಾತ್ರ ಎರಡನ್ನೂ 'ಶಿಲೀಂಧ್ರನಾಶಕ' ಎಂದು ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ.