ವಾರ್ಡಿನಿಂದ ವಿಶ್ವವಿದ್ಯಾಲಯಕ್ಕೆ: ಬಿ.ಎಸ್ಸಿ. ನರ್ಸಿಂಗ್ ಶಿಕ್ಷಣದ ಬೆಳವಣಿಗೆ

ಬಿ.ಎಸ್ಸಿ. ನರ್ಸಿಂಗ್ ಪಿಯುಸಿ ವಿಜ್ಞಾನದ ಮೇಲೆ ನಾಲ್ಕು ವರ್ಷ ನಡೆಯುವ ವೃತ್ತಿಪರ ಪದವಿ. ಇದನ್ನು ಮುಗಿಸಿದವರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು, ರೋಗಿಗಳ ಆರೈಕೆಯನ್ನೂ ಹೆರಿಗೆಯ ಆರೈಕೆಯನ್ನೂ ಮಾಡುವ ಅಧಿಕಾರ ಪಡೆಯುತ್ತಾರೆ. ಬಾಗಲಕೋಟೆ ಜಿಲ್ಲೆಯ ಕಮತಗಿ, ಗುಳೇದಗುಡ್ಡ, ಇಳಕಲ್‌ನಂಥ ನೇಕಾರರ ಊರುಗಳ ಮಕ್ಕಳಿಗೆ ಇಂದು ಜಿಲ್ಲೆ ಬಿಡದೆಯೇ ಈ ಓದು ಸಿಗುತ್ತದೆ. ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ: ವಾರ್ಡಿನಲ್ಲಿ ನಿಂತಿರುವ ವಿದ್ಯಾರ್ಥಿನಿ ಕಲಿಯಲು ಬಂದವಳೋ, ಆಸ್ಪತ್ರೆಯ ಕೆಲಸ ಸಾಗಿಸಲು ಬಂದವಳೋ? ಈ ಶಿಕ್ಷಣದ ಮುಖ್ಯ ಸುಧಾರಣೆಗಳನ್ನೆಲ್ಲ ಈ ಪ್ರಶ್ನೆಗೆ ಕೊಟ್ಟ ಉತ್ತರಗಳೆಂದು ಓದಬಹುದು.

ಆಸ್ಪತ್ರೆಯೇ ಶಾಲೆಯಾಗಿದ್ದ ಕಾಲ

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭಿಸಿದ ಶಾಲೆಯಿಂದ ಶುಶ್ರೂಷೆ ತರಬೇತಿ ಬೇಡುವ ವೃತ್ತಿಯಾಯಿತು. ಭಾರತದಲ್ಲಿ ಅದು ಬೇರೂರಿದ್ದು ಸರ್ಕಾರಿ ದೊಡ್ಡಾಸ್ಪತ್ರೆಗಳು ಮತ್ತು ಮಿಶನ್ ಆಸ್ಪತ್ರೆಗಳ ಮೂಲಕ. ಮೈಸೂರಿನಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಗದಗ-ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆ ಕನ್ನಡ ನಾಡಿನಲ್ಲಿ ಈ ಪರಂಪರೆಗೆ ಸೇರಿದವು. ಹೆಂಗಸರು ಗಂಡು ವೈದ್ಯರ ಮುಂದೆ ಬರಲು ಹಿಂಜರಿಯುತ್ತಿದ್ದ ಕಾಲದಲ್ಲಿ, ತರಬೇತಾದ ಹೆಣ್ಣುಮಕ್ಕಳಿಲ್ಲದೆ ಹೆರಿಗೆ ವಾರ್ಡು ನಡೆಸುವುದು ಅಸಾಧ್ಯವಾಗಿತ್ತು.

ಕಮತಗಿ ಸೀಮೆ ಆಗ ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಹಳ್ಳಿಗಳಲ್ಲಿ ಹೆರಿಗೆ, ಬಾಣಂತನ ಎರಡೂ ಸೂಲಗಿತ್ತಿಯರ ಕೈಯಲ್ಲಿದ್ದವು. ಅವರ ಅನುಭವ ದೊಡ್ಡದಿದ್ದರೂ ರಕ್ತಸ್ರಾವ, ನಂಜು, ಅಡ್ಡ ಮಗುವಿನಂಥ ಗಂಡಾಂತರಗಳಲ್ಲಿ ಕೈಚೆಲ್ಲಬೇಕಾಗುತ್ತಿತ್ತು.

ಅಂದಿನ ತರಬೇತಿ ಕೆಲಸ ಮಾಡುತ್ತ ಕಲಿಯುವ ಬಗೆಯದು. ಊಟ, ವಸತಿ, ಚಿಕ್ಕದೊಂದು ಭತ್ಯೆ ಪಡೆದು ವಿದ್ಯಾರ್ಥಿನಿಯರು ಹಗಲು-ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದರು. ಪಾಠಕ್ಕೆ ಡ್ಯೂಟಿ ಮುಗಿದ ಮೇಲಿನ ಹೊತ್ತು. ಈ ಪದ್ಧತಿಯಲ್ಲಿ ಕೈ ಚೆನ್ನಾಗಿ ಪಳಗುತ್ತಿತ್ತು. ಆದರೆ ಮಾಡಿದ್ದನ್ನು ಏಕೆ ಮಾಡಬೇಕೆಂಬ ವಿವೇಚನೆಗೆ ಜಾಗ ಕಡಿಮೆ ಇತ್ತು. ಭಾರತದ ತರಬೇತಾದ ನರ್ಸ್‌ಗಳು 1908ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಮುಂದೆ ಪ್ರಾಂತ್ಯಗಳಲ್ಲಿ ನೋಂದಣಿ ಕಾಯ್ದೆಗಳು ಬಂದವು: ಮದ್ರಾಸಿನಲ್ಲಿ 1926ರಲ್ಲಿ, ಮುಂಬಯಿಯಲ್ಲಿ 1935ರಲ್ಲಿ.

ಪದವಿಯ ಉದಯ

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಭೋರ್ ಸಮಿತಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟಿತು. ಇಡೀ ದೇಶಕ್ಕೆ ಆಗ ಇದ್ದದ್ದು ಸುಮಾರು 7,000 ನರ್ಸ್‌ಗಳು, ಅಂದರೆ 43,000 ಜನರಿಗೆ ಒಬ್ಬರು. ಸಂಖ್ಯೆ ಹೆಚ್ಚಬೇಕು, ವಿಶ್ವವಿದ್ಯಾಲಯ ಮಟ್ಟದ ಶಿಕ್ಷಣವೂ ಬೇಕು ಎಂಬ ಅರಿವು ಗಟ್ಟಿಯಾಯಿತು. ಅದೇ 1946ರಲ್ಲಿ ದೆಹಲಿಯ ನರ್ಸಿಂಗ್ ಕಾಲೇಜು ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಸಂಸ್ಥೆಯಲ್ಲಿ ಪದವಿ ತರಗತಿಗಳು ಆರಂಭವಾದವು. ದೆಹಲಿಯ ಕಾಲೇಜಿಗೆ ಮುಂದೆ ದೇಶದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿಡಲಾಯಿತು.

1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಪ್ರಾಂತ್ಯಕ್ಕೊಂದರಂತಿದ್ದ ತರಬೇತಿಗೆ ದೇಶಕ್ಕೆಲ್ಲ ಒಂದೇ ಮಟ್ಟ ಹಾಕಿತು. 1956ರ ಏಕೀಕರಣದಿಂದ ಮುಂಬಯಿ, ಹೈದರಾಬಾದ್, ಮದ್ರಾಸ್ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳು ಒಂದಾದವು. 1961ರ ರಾಜ್ಯ ಕಾಯ್ದೆಯ ಅಡಿ ನರ್ಸ್, ಮಿಡ್‌ವೈಫ್ ಮತ್ತು ಆರೋಗ್ಯ ಸಂದರ್ಶಕಿಯರ ನೋಂದಣಿ ಒಂದೇ ಚೌಕಟ್ಟಿಗೆ ಬಂತು.

ಪದವಿ ಬಂದರೂ ಬಹುಕಾಲ ಆಸ್ಪತ್ರೆಗಳನ್ನು ಹೊತ್ತು ನಡೆಸಿದವರು ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾದವರು; ಹಳ್ಳಿಗಳನ್ನು ಹೊತ್ತವರು 1950ರ ದಶಕದ ಆರಂಭದಿಂದ ತರಬೇತಿ ಪಡೆದ ಎಎನ್‌ಎಂಗಳು (ಸಹಾಯಕ ನರ್ಸ್-ಮಿಡ್‌ವೈಫ್‌ಗಳು). ಇಂದಿಗೂ ಮೂರು ಹಂತಗಳು ಜೊತೆಯಾಗಿ ಉಳಿದಿವೆ. ಜಿಎನ್‌ಎಂ ಮುಗಿಸಿದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮೂಲಕ ಪದವಿಗೇರುವ ಮೆಟ್ಟಿಲೂ ಇದೆ. 1980ರ ದಶಕದ ಕೊನೆಯಲ್ಲಿ ಸರೋಜಿನಿ ವರದಪ್ಪನ್ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ ನರ್ಸ್‌ಗಳ ಕೆಲಸದ ಸ್ಥಿತಿಯನ್ನೂ ಶಿಕ್ಷಣವನ್ನೂ ಒಟ್ಟಿಗೆ ನೋಡಿತು.

ಕರ್ನಾಟಕದ ವಿಸ್ತಾರ, ಬಾಗಲಕೋಟೆಯ ಪಾಲು

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾದಾಗ ರಾಜ್ಯದ ನರ್ಸಿಂಗ್ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಅದರ ಆಶ್ರಯಕ್ಕೆ ಬಂದವು. ಪರೀಕ್ಷೆ, ಪಠ್ಯ, ಮೌಲ್ಯಮಾಪನ ಒಂದೇ ಅಳತೆಗೆ ಒಳಪಟ್ಟವು. ಮುಂದಿನ ವರ್ಷಗಳಲ್ಲಿ ಖಾಸಗಿ ಕಾಲೇಜುಗಳು ಬಹುಬೇಗ ಹೆಚ್ಚಿದವು; ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬಂದರು; ದೇಶದ ಪ್ರಮುಖ ನರ್ಸಿಂಗ್ ಶಿಕ್ಷಣ ಕೇಂದ್ರಗಳಲ್ಲಿ ಕರ್ನಾಟಕ ಒಂದಾಯಿತು. ಬೆಳೆದ ವೇಗಕ್ಕೆ ತಕ್ಕಂತೆ ಬೋಧಕರೂ ಕಲಿಕೆಗೆ ಬೇಕಾದ ಹಾಸಿಗೆಗಳೂ ಎಲ್ಲ ಕಡೆ ಒದಗಲಿಲ್ಲ. ಗುಣಮಟ್ಟದ ಚರ್ಚೆ ಹುಟ್ಟಿದ್ದು ಇಲ್ಲಿಂದಲೇ.

ಬಾಗಲಕೋಟೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿದಾಗ ಕಟ್ಟಿದ ನವನಗರ, ಜಿಲ್ಲೆಯ ವೈದ್ಯಕೀಯ ಶಿಕ್ಷಣಕ್ಕೂ ನೆಲೆ ಕೊಟ್ಟಿತು. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ನಡೆಸುವ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಮತ್ತು ಸಜ್ಜಲಶ್ರೀ ನರ್ಸಿಂಗ್ ವಿಜ್ಞಾನ ಸಂಸ್ಥೆ ಬಾಗಲಕೋಟೆಯಲ್ಲಿವೆ. ಬೆಳಗಾವಿ, ವಿಜಯಪುರ, ಧಾರವಾಡಗಳಲ್ಲೂ ಇಂಥ ಸಂಸ್ಥೆಗಳಿವೆ. ಬಾಗಲಕೋಟೆ-ಹುನಗುಂದ ದಾರಿಯ ಮೇಲಿರುವ ಕಮತಗಿಯಂಥ ಊರಿನ ಮನೆಗಳಿಗೆ ಇದರಿಂದಾದ ದೊಡ್ಡ ಅನುಕೂಲವೆಂದರೆ, ಮಗಳನ್ನು ದೂರದ ಊರಿಗೆ ಕಳಿಸುವ ಅಳುಕು ಮತ್ತು ಖರ್ಚು ಎರಡೂ ಕಡಿಮೆಯಾದದ್ದು. ಗಂಡುಮಕ್ಕಳೂ ಈಗ ಈ ಓದಿಗೆ ಸೇರುತ್ತಾರೆ; ವಾರ್ಡಿನಲ್ಲಿ ‘ಸಿಸ್ಟರ್’ ಜೊತೆ ‘ಬ್ರದರ್’ ಎಂಬ ಕರೆಯೂ ರೂಢಿಯಾಗಿದೆ.

ಪಠ್ಯದ ಒಳಗೆ

ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಪ್ರಕಟಿಸಿದ ಪರಿಷ್ಕೃತ ನಿಯಮಗಳು ವಾರ್ಷಿಕ ಪದ್ಧತಿ ಕೈಬಿಟ್ಟು ಎಂಟು ಸೆಮಿಸ್ಟರ್‌ಗಳನ್ನು ತಂದವು. ಮೊದಲ ವರ್ಷದಲ್ಲಿ ಅಂಗರಚನೆ, ಅಂಗಕ್ರಿಯೆ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಜೀವರಸಾಯನ, ಆಹಾರಶಾಸ್ತ್ರ ಹಾಗೂ ಶುಶ್ರೂಷೆಯ ಬುನಾದಿ ಪಾಠಗಳಿವೆ. ಎರಡನೆಯ ವರ್ಷ ಸೂಕ್ಷ್ಮಾಣುಶಾಸ್ತ್ರ, ಸೋಂಕು ನಿಯಂತ್ರಣ, ಔಷಧಶಾಸ್ತ್ರ ಮತ್ತು ವಯಸ್ಕ ರೋಗಿಗಳ ಆರೈಕೆಗೆ ಮೀಸಲು. ಆಮೇಲೆ ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಪ್ರಸೂತಿ, ಆಡಳಿತ ಹಾಗೂ ಸಂಶೋಧನೆ ಬರುತ್ತವೆ. ವೃತ್ತಿಧರ್ಮ, ಆರೋಗ್ಯ ಮಾಹಿತಿ ತಂತ್ರಜ್ಞಾನ, ಫೊರೆನ್ಸಿಕ್ ನರ್ಸಿಂಗ್ ಕೂಡ ಪಠ್ಯದಲ್ಲಿವೆ. ಎಂಟನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್.

ಇವನ್ನೆಲ್ಲ ಒಂದು ದಾರಕ್ಕೆ ಪೋಣಿಸುವುದು ನರ್ಸಿಂಗ್ ಪ್ರಕ್ರಿಯೆ. ರೋಗಿಯ ಸ್ಥಿತಿ ಅರಿಯುವುದು, ಆರೈಕೆಯ ಅಗತ್ಯಗಳನ್ನು ನಿರ್ಧರಿಸುವುದು, ಯೋಜನೆ ಹಾಕುವುದು, ಅದನ್ನು ನಡೆಸುವುದು, ಫಲ ಸಿಕ್ಕಿತೇ ಎಂದು ಪರಿಶೀಲಿಸುವುದು ಇದರ ಐದು ಹೆಜ್ಜೆಗಳು. ಸಕ್ಕರೆ ಕಾಯಿಲೆಯ ರೋಗಿಯ ಪಾದದಲ್ಲಿ ಹುಣ್ಣಾದರೆ ವೈದ್ಯರು ಬರೆದ ಡ್ರೆಸಿಂಗ್ ಮಾಡಿದಷ್ಟಕ್ಕೆ ನರ್ಸ್ ಕೆಲಸ ಮುಗಿಯುವುದಿಲ್ಲ. ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ, ಬರಿಗಾಲಲ್ಲಿ ಹೊಲಕ್ಕೆ ಹೋಗುತ್ತಾರೆಯೇ, ಇನ್ಸುಲಿನ್ ಚುಚ್ಚಿಕೊಳ್ಳುವುದು ಮನೆಯಲ್ಲಿ ಯಾರಿಗೆ ಗೊತ್ತು, ಇವೆಲ್ಲ ಆರೈಕೆಯ ಯೋಜನೆಯೊಳಗೆ ಬರಬೇಕು. ಡಿಪ್ಲೊಮಾದ ಕೈಚಳಕದ ಮೇಲೆ ಪದವಿ ಸೇರಿಸಲು ಹೊರಟಿದ್ದು ಈ ಸ್ವತಂತ್ರ ನಿರ್ಧಾರಶಕ್ತಿಯನ್ನೇ.

ರೋಗಿಯ ಹಾಸಿಗೆಯ ಬಳಿ ಕಲಿಕೆ

ವಿದ್ಯಾರ್ಥಿಗಳು ಇಂಜೆಕ್ಷನ್, ಮೂಗಿನ ನಳಿಕೆ, ಕ್ಯಾಥೆಟರ್, ಹೃದಯ-ಶ್ವಾಸ ಪುನಶ್ಚೇತನಗಳನ್ನು ಮೊದಲು ಕೌಶಲ ಪ್ರಯೋಗಾಲಯದ ಗೊಂಬೆಗಳ ಮೇಲೆ ಕಲಿತು ನಂತರ ವಾರ್ಡಿಗೆ ಹೋಗುತ್ತಾರೆ. ಮೆಡಿಕಲ್, ಸರ್ಜಿಕಲ್, ಆಪರೇಷನ್ ಥಿಯೇಟರ್, ಐಸಿಯು, ಹೆರಿಗೆ ಕೋಣೆ ಎಂದು ಪೋಸ್ಟಿಂಗ್ ಸರದಿ ಸಾಗುತ್ತದೆ. ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಉತ್ತರ ಕರ್ನಾಟಕದ ಕಾಲೇಜುಗಳಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರದ ದೊಡ್ಡ ಕೇಂದ್ರ. ಮಾಡಿದ ಪ್ರತಿ ಕೆಲಸ ಲಾಗ್‌ಬುಕ್‌ಗೆ ಏರುತ್ತದೆ. ಪದವಿ ಕೈಗೆ ಬರಲು ಕ್ಲಿನಿಕಲ್ ಹಾಜರಾತಿ ನೂರಕ್ಕೆ ನೂರು ತುಂಬಿರಬೇಕು.

ಈ ಭಾಗದ ರೋಗಿಗಳು ‘ದಮ್ಮು ಹತ್ತೈತ್ರಿ’, ‘ಕಣ್ಣಿಗಿ ಕತ್ತಲಿ ಬರತೈತ್ರಿ’ ಎಂದು ಹೇಳಿದ್ದನ್ನು ವಿದ್ಯಾರ್ಥಿ ಸರಿಯಾಗಿ ಗ್ರಹಿಸಿ ಇಂಗ್ಲಿಷಿನ ದಾಖಲೆಗೆ ಇಳಿಸಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಪುಸ್ತಕದ ಇಂಗ್ಲಿಷ್ ಕಷ್ಟ, ಹೊರರಾಜ್ಯದವರಿಗೆ ರೋಗಿಯ ಮಾತು ಕಷ್ಟ. ಎರಡೂ ಕಂದಕ ತುಂಬುವ ಹೊಣೆ ಹಾಸಿಗೆಯ ಬಳಿ ಜೊತೆಗೆ ನಿಲ್ಲುವ ಬೋಧಕರದು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕೆಂಬ ನಿಯಮದ ಅರ್ಥ ಇರುವುದು ಇಲ್ಲೇ.

ಸಮುದಾಯದ ಕಡೆಗೆ

2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಹಳ್ಳಿಗಳ ಆರೋಗ್ಯ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡತೊಡಗಿದಾಗ ಬಿ.ಎಸ್ಸಿ. ನರ್ಸಿಂಗ್ ಪದವೀಧರರಿಗೆ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆ ತೆರೆಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ತಪಾಸಣೆ ಹಳ್ಳಿಯಲ್ಲೇ ಆಗಬೇಕೆಂಬುದು ಗುರಿ. ಹುನಗುಂದ, ಇಳಕಲ್, ಬಾದಾಮಿ ಸೀಮೆಯಲ್ಲಿ ಈ ಕೆಲಸಕ್ಕೆ ತನ್ನದೇ ಸ್ವರೂಪವಿದೆ. ಮಗ್ಗದ ಕುಣಿಯಲ್ಲಿ ದಿನವಿಡೀ ಕೂರುವ ನೇಕಾರರ ಬೆನ್ನು, ಕಣ್ಣು. ಗ್ರಾನೈಟ್ ದೂಳಿನಲ್ಲಿ ದುಡಿಯುವವರ ಶ್ವಾಸಕೋಶ. ಗುಳೆ ಹೋಗುವ ಕುಟುಂಬಗಳಲ್ಲಿ ತಪ್ಪಿಹೋಗುವ ಮಕ್ಕಳ ಲಸಿಕೆ, ಗರ್ಭಿಣಿಯರ ತಪಾಸಣೆ: ಇವು ಸಮುದಾಯ ಆರೋಗ್ಯದ ಪಾಠಕ್ಕೆ ಜೀವಂತ ವಿಷಯಗಳು.

ಹೊಸ ಕಾನೂನು, ಉಳಿದ ಕೆಲಸ

2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ 1947ರ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಆಯೋಗ ಮತ್ತು ರಾಜ್ಯ ಆಯೋಗಗಳ ವ್ಯವಸ್ಥೆಯನ್ನು ವಿಧಿಸಿದೆ. ಪದವಿಯ ಮೇಲೆ ಎಂ.ಎಸ್ಸಿ., ಪಿಎಚ್.ಡಿ., ತೀವ್ರ ನಿಗಾ ಹಾಗೂ ಮಿಡ್‌ವೈಫರಿಯ ನರ್ಸ್ ಪ್ರಾಕ್ಟೀಷನರ್ ತರಬೇತಿಗಳ ದಾರಿಯೂ ಇದೆ.

ಕಾನೂನು, ಪಠ್ಯ, ಪದವಿಗಳ ಮಟ್ಟಿಗೆ ವಿದ್ಯಾರ್ಥಿನಿ ಕಲಿಯಲು ಬಂದವಳೆಂಬುದು ತೀರ್ಮಾನವಾಗಿದೆ. ಆದರೆ ಸಿಬ್ಬಂದಿ ಕಡಿಮೆಯಿರುವ ವಾರ್ಡಿನಲ್ಲಿ ಅವಳು ಮತ್ತೆ ಬರಿಯ ದುಡಿಯುವ ಕೈಯಾಗುವ ಅಪಾಯ ಹೋಗಿಲ್ಲ. ಇದಕ್ಕೆ ಪರಿಹಾರ ಮೂರು ಕಡೆಯಿಂದ ಬರಬೇಕು: ಆಸ್ಪತ್ರೆ ಮಂಜೂರಾದ ನರ್ಸ್ ಹುದ್ದೆಗಳನ್ನು ತುಂಬಬೇಕು, ಕಾಲೇಜು ಬೋಧಕರನ್ನು ವಾರ್ಡಿಗೆ ಕಳಿಸಬೇಕು, ತಪಾಸಣೆ ಮಾಡುವವರು ಕಡತದ ಜೊತೆಗೆ ವಿದ್ಯಾರ್ಥಿಯ ಕೌಶಲವನ್ನೂ ಪರೀಕ್ಷಿಸಬೇಕು. ಈ ಮೂರು ಕೂಡಿದ ಕಡೆ ನಾಲ್ಕು ವರ್ಷದ ಓದು, ರೋಗಿಯ ಹೊಣೆಯನ್ನು ತಾನಾಗಿ ಹೊರಬಲ್ಲ ನರ್ಸ್‌ಗಳನ್ನು ರೂಪಿಸುತ್ತದೆ.