ಸವಣೂರು ಸೀಮೆಯಲ್ಲಿ ಸೆರೆ ಮತ್ತು ಬಿಡುಗಡೆ

ಹಾನಗಲ್ಲು, ಹಿರೇಕೆರೂರು ಸೀಮೆಯ ಗ್ರಾಮಗಳಲ್ಲಿ ಗುಡಿಯ ಮಗ್ಗುಲಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವೂ, ನಡುವಣದರಲ್ಲಿ ಮಡಿದವನನ್ನು ಅಪ್ಸರೆಯರು ಒಯ್ಯುವ ದೃಶ್ಯವೂ, ಮೇಲಣದರಲ್ಲಿ ಶಿವಲಿಂಗದ ಸನ್ನಿಧಿಯೂ ಕಾಣುತ್ತವೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದಾಗ ಕದಂಬರ ಪಕ್ಷದಲ್ಲಿ ಕಾದಿ ಮಡಿದ ಸೇನಾನಿ ಸೋಹಣಿಯ ವೃತ್ತಾಂತವು ನಮಗೆ ತಿಳಿದುಬಂದುದೂ ಇಂತಹ ಕಲ್ಲಿನಿಂದಲೇ. ತುರುಗಳನ್ನು ಮರಳಿಸುತ್ತ ಸತ್ತವನಿಗೆ ಕಲ್ಲುಂಟು. ಜೀವಸಹಿತ ಕೈಸೆರೆಯಾದವನಿಗೆ ಕಲ್ಲಿಲ್ಲ. ಅವನು ಉಳಿಯುವುದಾದರೆ ಸಂಧಿಪತ್ರದ ಒಂದು ಕಲಮಿನಲ್ಲಿ, ಅದೂ ದೊಡ್ಡ ಮನುಷ್ಯನಾಗಿದ್ದರೆ.

ಈ ಸೀಮೆಯ ಹದಿನೆಂಟನೆಯ ಶತಮಾನದ ಯುದ್ಧಗಳಲ್ಲಿ ಮನುಷ್ಯನೊಬ್ಬನ ಬೆಲೆ ಎಷ್ಟೆಂಬ ಪ್ರಶ್ನೆಯು ಮತ್ತೆ ಮತ್ತೆ ಎದ್ದಿದೆ. ಪೇಶ್ವೆಯ ಚಾಕರಿಯನ್ನು ಬಿಟ್ಟು ಬಂದ ಗಾರ್ದಿ ಕಾಲಾಳುಪಡೆಯ ಸರದಾರ ಮುಜಫರಖಾನನಿಗೆ ಸವಣೂರಿನ ನವಾಬ ಅಬ್ದುಲ್ ಹಕೀಮಖಾನನು ಆಶ್ರಯವನ್ನಿತ್ತು, ಅವನನ್ನು ಒಪ್ಪಿಸಲೊಲ್ಲದೆ ಹೋದುದರಿಂದ, 1756ರಲ್ಲಿ ಪೇಶ್ವೆ, ನಿಜಾಮ ಹಾಗೂ ಫ್ರೆಂಚ್ ಸೇನಾಪತಿ ಬುಸ್ಸಿಯ ತೋಪುಗಳು ಒಟ್ಟಾಗಿ ಸವಣೂರನ್ನು ಮುತ್ತಿದವು. ನವಾಬನು ಹಣವನ್ನು ತೆತ್ತುದಲ್ಲದೆ ಬಂಕಾಪುರವನ್ನೂ ಒತ್ತೆಯಾಗಿ ಬಿಟ್ಟುಕೊಡಬೇಕಾಯಿತು. ನಂಬಿ ಬಂದವನನ್ನು ಕೈಬಿಡದ ನವಾಬನ ನಡತೆಯನ್ನು ನಾನು ಗೌರವಿಸುತ್ತೇನೆ. ಆದರೆ ತೋಪಿನ ಗುಂಡು ಬಿದ್ದುದು ಊರವರ ಮನೆಗಳ ಮೇಲೆ ಎಂಬುದನ್ನು ಮರೆಯಲಾರೆ.

1785ರಲ್ಲಿ ಟಿಪ್ಪುವಿನ ಸೈನ್ಯವು ನರಗುಂದವನ್ನು ಮುತ್ತಿದಾಗ ದೇಸಾಯಿ ವೆಂಕಟರಾವ ಭಾವೆಯೂ ಅವನ ಕಾರಭಾರಿ ಕಾಳೋಪಂತ ಪೇಠೆಯೂ ಅಭಯವಚನವನ್ನು ನಂಬಿ ಕೋಟೆಯಿಂದಿಳಿದರು. ವಚನಭಂಗವಾಯಿತು, ಅವರು ಸಂಕೋಲೆಗೆ ಬಿದ್ದರು. ಮರುವರ್ಷ ಯುದ್ಧವು ಸವಣೂರಿಗೇ ಬಂದಿತು. ನವಾಬನು ಓಡಿಹೋಗಿ ಮರಾಠರ ಆಶ್ರಯ ಪಡೆದನು, ಪಟ್ಟಣ ಸೂರೆಯಾಯಿತು. 1787ರ ಗಜೇಂದ್ರಗಡದ ಸಂಧಿಯಲ್ಲಿ ಟಿಪ್ಪು ಬಾದಾಮಿ, ಕಿತ್ತೂರು, ನರಗುಂದ, ಆದವಾನಿಗಳನ್ನು ಬಿಟ್ಟುಕೊಡುವುದರ ಜೊತೆಗೆ ಕಾಳೋಪಂತನ ಬಿಡುಗಡೆಯೂ ಒಂದು ಕರಾರಾಯಿತು. ಮನುಷ್ಯನನ್ನು ಕೋಟೆ ಕೊತ್ತಲಗಳ ಸಾಲಿನಲ್ಲಿ ಬರೆಯುವುದು ಹೀನವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರದು. ವಚನವನ್ನು ನಂಬಿ ಮೋಸಹೋದವನನ್ನು ಬಿಡಿಸಿ ತರುವುದು ಅವನ ಪಕ್ಷದವರ ಋಣ. ಅದಕ್ಕಾಗಿ ಚೌಕಾಸಿ ಮಾಡಬೇಕಾಗಿ ಬಂದರೂ ಅದು ಋಣವೇ. ನೊಂದುಕೊಳ್ಳಬೇಕಾದುದು ಬೇರೊಂದಕ್ಕೆ: ಕಾಳೋಪಂತನೊಡನೆ ನರಗುಂದದ ಬತೇರಿಯ ಮೇಲೆ ಕಾದ ಸಿಪಾಯಿಗಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಸೆರೆಯಾಳನ್ನು ಬಿಟ್ಟರೆ ಅವನು ಮರಳಿ ಕತ್ತಿ ಹಿಡಿಯಲಾರನೇ ಎಂಬ ಆಕ್ಷೇಪವು ಹುಸಿಯಲ್ಲ. ಚನ್ನಗಿರಿಯ ಧೋಂಡಿಯಾ ವಾಘನು ಟಿಪ್ಪುವಿನ ಸೆರೆಯಲ್ಲಿದ್ದು, 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಬಿಡುಗಡೆ ಹೊಂದಿ, ಕೆಲವೇ ತಿಂಗಳಲ್ಲಿ ದಂಡು ಕಟ್ಟಿ ತುಂಗಭದ್ರೆಯ ಉತ್ತರದ ಈ ನಾಡನ್ನು ಸುಲಿಯತೊಡಗಿದನು. ಅವನ ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ 1800ರ ಜುಲೈಯಲ್ಲಿ ಸವಣೂರಿಗೆ ಬಂದನು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಹತನಾದನು. ಅವನ ಸಾಮಾನುಗಳ ನಡುವೆ ಸಿಕ್ಕ ಎಳೆಯ ಮಗ ಸಲಾಬತಖಾನನನ್ನು ವೆಲ್ಲೆಸ್ಲಿ ತನ್ನ ಡೇರೆಗೆ ತರಿಸಿಕೊಂಡು ಸಾಕಿದನು, ದೇಶ ಬಿಡುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟನು. ಇಸ್ರೇಲ್ 2011ರಲ್ಲಿ ಒಬ್ಬ ಸೈನಿಕನಿಗಾಗಿ 1,027 ಬಂದಿಗಳನ್ನು ಬಿಟ್ಟಾಗಲೂ ಈ ಆಕ್ಷೇಪವೇ ಎದ್ದಿತು. ಹಾಗೆ ಹೊರಬಂದವರಲ್ಲೊಬ್ಬನು ಇಸ್ರೇಲಿನ ಮೇಲೆ ನಡೆದ 2023ರ ದಾಳಿಯ ಸೂತ್ರಧಾರನಾದುದೂ ನಿಜ.

ಆದರೂ ಧೋಂಡಿಯಾನಂಥವನು ಮುಂದೆ ಮಾಡಬಹುದಾದ ಅಪರಾಧಕ್ಕಾಗಿ ಕಾಳೋಪಂತನಂಥವನು ಸಂಕೋಲೆಯಲ್ಲಿಯೇ ಸಾಯಲೆಂದು ವಿಧಿಸುವ ಅಧಿಕಾರವು ಯಾವ ರಾಜ್ಯಕ್ಕೂ ಇಲ್ಲವೆಂದೇ ನಾನು ಬಗೆಯುತ್ತೇನೆ. ಬಿಡುಗಡೆಯ ಅಪಾಯವನ್ನು ಹೊರುವವರು ಸಂಧಿಗೆ ಮುದ್ರೆಯೊತ್ತಿದವರಲ್ಲ. ಶಿಗ್ಗಾವಿ, ಹಾನಗಲ್ಲುಗಳ ಬಯಲಿನಲ್ಲಿ ದನಕರುಗಳೊಡನೆ ಬಾಳುವ ಒಕ್ಕಲಿಗರು. ಕೈದಿಯನ್ನು ಬಿಟ್ಟವನು ಆ ಬಯಲಿನ ಕಾವಲನ್ನೂ ತಾನೇ ಹೊರಬೇಕಾಗಿತ್ತು. 1799ರಲ್ಲಿ ಸವಣೂರು ಸೀಮೆಗೆ ಅಂಥ ಕಾವಲು ಇರಲಿಲ್ಲ. ವೆಲ್ಲೆಸ್ಲಿಯ ದಂಡು ಬರುವ ಹೊತ್ತಿಗೆ ಹಳ್ಳಿಗಳು ಸುಲಿಗೆಯನ್ನು ಉಂಡಿದ್ದವು.