ಹರಿಗೋಲಿನ ತೊಗಲು

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಹೊಳೆದಂಡೆಯ ಊರಲ್ಲ. ಮೆಣಸಿನಕಾಯಿ, ಗೋವಿನಜೋಳ ಬೆಳೆಯುವ ಬಯಲಿನ ಊರು. ಆದರೆ ಇಲ್ಲಿನ ಕಾಂತೇಶನ ಹೆಸರು ಹೊಳೆಯ ಆಚೆಗೂ ಹಬ್ಬಿದೆ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಹನುಮಂತ ದೇವರ ದರ್ಶನವನ್ನು ಒಂದೇ ದಿನ, ಹೊತ್ತು ಮುಳುಗುವುದರೊಳಗೆ ಪಡೆದರೆ ಪುಣ್ಯವೆಂಬ ನಂಬಿಕೆ ಜನರಲ್ಲಿದೆ. ವಾಹನವಿದ್ದವರಿಗೆ ಇಂದು ಅದು ಕಷ್ಟದ ಮಾತಲ್ಲ. ಆದರೆ ಸೇತುವೆಗಳಿಲ್ಲದ ಕಾಲದಲ್ಲಿ, ತುಂಗಭದ್ರೆಯ ಆಚೆ ದಡದಿಂದ ಬರುವ ಭಕ್ತ ಮಳೆಗಾಲದಲ್ಲಿ ಮೊದಲು ನೆನೆಯಬೇಕಾಗಿದ್ದುದು ಅಂಬಿಗನನ್ನು. ಹರಿಹರದಲ್ಲಿ ತುಂಗಭದ್ರೆಗೆ ಸೇತುವೆ ಪೂರ್ಣಗೊಂಡದ್ದು 1868ರಲ್ಲಿ. ಅದಕ್ಕೆ ಮುಂಚೆ ಜನ, ಕಾಳು, ಸೈನ್ಯ ಎಲ್ಲವನ್ನೂ ತುಂಬಿದ ಹೊಳೆ ದಾಟಿಸುತ್ತಿದ್ದುದು ಹರಿಗೋಲು.

ಹರಿಗೋಲು ಎಂದರೆ ದುಂಡನೆಯ ದೊಡ್ಡ ಬುಟ್ಟಿ. ಬಿದಿರಿನ ದಬ್ಬೆಗಳನ್ನು ಅಡ್ಡಡ್ಡ ಹೆಣೆದು, ಅಂಚನ್ನು ಬಿಗಿದು ಕಟ್ಟಿರುತ್ತಾರೆ. ಬುಟ್ಟಿಯಲ್ಲಿ ನೀರು ನಿಲ್ಲದೆಂಬುದು ಮಗುವಿಗೂ ತಿಳಿದ ಸಂಗತಿ. ಹಾಗಿದ್ದರೆ ಹೊರಗಿನ ನೀರು ಒಳಗೆ ಬಾರದಂತೆ ಬುಟ್ಟಿ ತೇಲುವುದು ಹೇಗೆ?

ಈ ಪ್ರಶ್ನೆ ಹರಿಗೋಲಿಗೆ ಮಾತ್ರ ಸೇರಿದ್ದಲ್ಲ. ಮರ ನೀರಿನಲ್ಲಿ ತೇಲುತ್ತದೆ. ಆದರೂ ಮರದ ದೋಣಿ ಮುಳುಗುವುದುಂಟು. ಮಕ್ಕಳು ಮರದ ತುಂಡು ಕೊರೆದು ಮಾಡಿದ ಆಟದ ದೋಣಿಯನ್ನು ಒಂದು ದಿನ ಕೆರೆಯಲ್ಲಿ ಬಿಟ್ಟು ನೋಡಿದರೆ ಸಾಕು. ಮರ ನೀರು ಕುಡಿದು ಭಾರವಾಗುತ್ತದೆ, ಬಿಸಿಲಿಗೆ ಇಟ್ಟರೆ ಬಿರಿಯುತ್ತದೆ. ಹಲಗೆ ಜೋಡಿಸಿದ ದೋಣಿಯಾದರೆ ಸಂದುಗಳಿಂದಲೇ ನೀರು ಜಿನುಗುತ್ತದೆ. ನಮ್ಮ ಕರಾವಳಿಯವರು ಇದಕ್ಕೆ ತಮ್ಮ ನೆಲದಲ್ಲಿಯೇ ಮದ್ದು ಕಂಡುಕೊಂಡಿದ್ದರು. ಸಂದುಗಳಿಗೆ ರಾಳ ಬೆರೆಸಿದ ಹತ್ತಿ ತುರುಕಿ, ಮೈಗೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದರು. ಗೇರೆಣ್ಣೆ ಮರದೊಳಗೆ ಇಳಿದು ನೀರನ್ನು ತಡೆಯುತ್ತದೆ, ಹುಳುವನ್ನೂ ದೂರವಿಡುತ್ತದೆ.

ಬಯಲುಸೀಮೆಯ ಹೊಳೆಗಳಿಗೆ ಈ ದಾರಿ ಹೊಂದುವಂಥದ್ದಲ್ಲ. ಇಲ್ಲಿ ಹೊಳೆಯ ತುಂಬ ಬಂಡೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಮಳೆಗಾಲದಲ್ಲಿ ಸೆಳವು. ಬಂಡೆಗೆ ತಾಗಿದರೆ ಹಲಗೆಯ ದೋಣಿ ಒಡೆಯುತ್ತದೆ. ಬಿದಿರಿನ ಬುಟ್ಟಿ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆದ್ದರಿಂದ ಇಲ್ಲಿನವರು ನೀರು ತಡೆಯುವ ಕೆಲಸವನ್ನು ಮರಕ್ಕೆ ಬಿಡದೆ ತೊಗಲಿಗೆ ವಹಿಸಿದರು. ಎಮ್ಮೆಯ ಅಥವಾ ಎತ್ತಿನ ತೊಗಲನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ತುಂಡುಗಳನ್ನು ಒಂದಕ್ಕೊಂದು ಹೊಲಿದು, ಬುಟ್ಟಿಯ ಹೊರಮೈಗೆ ಎಳೆದು ಕಟ್ಟುವುದು. ತೊಗಲು ಒಣಗುತ್ತ ಸಂಕುಚಿಸಿ ಬಿದಿರನ್ನು ಬಿಗಿಯಾಗಿ ಹಿಡಿಯುತ್ತದೆ. ಎಣ್ಣೆ ಅಥವಾ ಕೊಬ್ಬು ತಿಕ್ಕಿದರೆ ಸಣ್ಣ ರಂಧ್ರಗಳು ಮುಚ್ಚಿ ನೀರು ಜಾರುತ್ತದೆ. ಆದರೂ ತೊಗಲು ಬಹಳ ಹೊತ್ತು ನೀರಿನಲ್ಲಿದ್ದರೆ ಕೊಳೆಯುವುದೇ ಸರಿ. ಅದಕ್ಕಾಗಿ ಕೆಲಸ ಮುಗಿದ ಮೇಲೆ ಹರಿಗೋಲನ್ನು ದಡಕ್ಕೆ ಎಳೆದು, ಬೋರಲು ಹಾಕಿ ಒಣಗಿಸಬೇಕು. ದಂಡೆಯ ಮೇಲೆ ಆಮೆಯಂತೆ ಮಲಗಿದ ಹರಿಗೋಲು ನೋಡುವವರಿಗೆ ಚಿತ್ರ; ಅಂಬಿಗನಿಗೆ ಅದು ದಿನದ ಕೆಲಸ.

ಈ ಹರಿಗೋಲನ್ನು ಕಂಡು ಬರೆದಿಟ್ಟವರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಒಬ್ಬ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಆತ, ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ 15ರಿಂದ 20 ಜನ ಹೊಳೆ ದಾಟುವುದನ್ನು ವರ್ಣಿಸಿದ್ದಾನೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರಂತೆ. ದೋಣಿ ನೇರವಾಗಿ ಹೋಗದೆ ಗಿರಗಿರನೆ ತಿರುಗುವುದು ಅವನಿಗೆ ವಿಚಿತ್ರವಾಗಿ ಕಂಡಿದೆ. ಈ ರಾಜ್ಯದ ಹೊಳೆಗಳಲ್ಲಿ ಇದನ್ನು ಬಿಟ್ಟರೆ ಬೇರೆ ದೋಣಿಯೇ ಇಲ್ಲವೆಂದೂ ಹೇಳಿದ್ದಾನೆ.

ಮುಂದೆ ಇದೇ ಸೀಮೆಯಲ್ಲಿ ಇನ್ನೊಬ್ಬ ವಿದೇಶೀಯನಿಗೆ ಹರಿಗೋಲಿನ ಬೆಲೆ ತಿಳಿಯಿತು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘ್‌ನನ್ನು ಬೆನ್ನಟ್ಟಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರಿನ ಕೋಟೆಯನ್ನು ಹಿಡಿದ. ತುಂಬಿದ ಹೊಳೆಯ ಮುಂದೆ ದಂಡು ಎಷ್ಟು ದೊಡ್ಡದಾದರೇನು, ದಾಟಿಸುವ ಸಾಧನ ಬೇಕು. 1803ರ ಮರಾಠಾ ಯುದ್ಧದಲ್ಲಿ ಅವನ ಸೈನ್ಯ ದೊಡ್ಡ ಹೊಳೆಗಳನ್ನು ದಾಟಿದ್ದು ತೊಗಲು ಹೊದಿಸಿದ ಬುಟ್ಟಿ ದೋಣಿಗಳಲ್ಲಿ. 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಈತನೇ.

ಬುಟ್ಟಿಯ ದೋಣಿ ನಮ್ಮದು ಮಾತ್ರವಲ್ಲ. ಯೂಫ್ರೆಟಿಸ್ ನದಿಯಲ್ಲಿ ಬ್ಯಾಬಿಲೋನಿಗೆ ಬರುತ್ತಿದ್ದ ದುಂಡನೆಯ ತೊಗಲ ದೋಣಿಗಳನ್ನು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ವರ್ಣಿಸಿದ್ದಾನೆ. ಇರಾಕಿನವರು ತಮ್ಮ ನೆಲದಲ್ಲಿ ತಾನಾಗಿ ಉಕ್ಕುವ ಡಾಂಬರನ್ನು ಬುಟ್ಟಿಗೆ ಬಳಿದರು. ಬ್ರಿಟನ್ನಿನ ವೇಲ್ಸ್‌ನಲ್ಲಿ ತೊಗಲಿನ ಬದಲು ಡಾಂಬರು ಬಳಿದ ದಪ್ಪ ಬಟ್ಟೆ ಬಂತು. ನಮ್ಮ ಹರಿಗೋಲೂ ಕೊನೆಗೆ ಅದೇ ದಾರಿ ಹಿಡಿಯಿತು. ಈಗ ಬಿದಿರಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೋ ಗೊಬ್ಬರದ ಚೀಲವನ್ನೋ ಹೊದಿಸಿ ಕಾಯಿಸಿದ ಡಾಂಬರು ಬಳಿಯುತ್ತಾರೆ. ಅಗ್ಗ, ಕೊಳೆಯುವುದಿಲ್ಲ, ಬಿರಿದಲ್ಲಿ ಮತ್ತೊಮ್ಮೆ ಬಳಿದರಾಯಿತು. ಫೈಬರ್ ಹರಿಗೋಲುಗಳೂ ಬಂದಿವೆ.

ಈ ಬದಲಾವಣೆಯನ್ನು ದೂರುವ ಕಾರಣವಿಲ್ಲ. ಆದರೆ ಅದರೊಡನೆ ಮರೆಯಾದ ಒಂದು ಸಂಗತಿಯನ್ನು ನೆನೆಯಬೇಕು. ಹಳೆಯ ಹರಿಗೋಲು ಮೂರು ಕಾಯಕಗಳ ಕೂಟ: ಬಿದಿರು ಹೆಣೆಯುವುದು, ತೊಗಲು ಹದಗೊಳಿಸಿ ಹೊಲಿಯುವುದು, ಹುಟ್ಟು ಹಾಕುವುದು. 12ನೆಯ ಶತಮಾನದ ಶರಣರ ಹೆಸರುಗಳನ್ನು ನೆನಪಿಸಿಕೊಂಡರೆ ಈ ಮೂವರೂ ಅಲ್ಲಿದ್ದಾರೆ. ಮೇದಾರ ಕೇತಯ್ಯ ಬಿದಿರಿನ ಕಾಯಕದವನು. ಸಮಗಾರ ಹರಳಯ್ಯ ತೊಗಲಿನ ಕಾಯಕದವನು. ಅಂಬಿಗರ ಚೌಡಯ್ಯನಂತೂ ಈ ಸೀಮೆಯವನೇ; ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಚೌಡಯ್ಯದಾನಪುರ ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಕಲ್ಯಾಣದಲ್ಲಿ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂಬ ಕಥೆ ಎಲ್ಲರಿಗೂ ತಿಳಿದದ್ದೇ.

ತೊಗಲು ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಸಮಾಜವಿದು. ತೊಗಲಿನ ಕೆಲಸದವರನ್ನು ಊರ ಹೊರಗೆ ಇಟ್ಟಿತ್ತು. ಆದರೆ ಹೊಳೆ ತುಂಬಿ ಬಂದಾಗ ಶಾಸ್ತ್ರಿಗಳೂ ಶೆಟ್ಟರೂ ಗೌಡರೂ, ದೇವರ ದರ್ಶನಕ್ಕೆ ಮಡಿಯಲ್ಲಿ ಹೊರಟವರೂ ಕುಳಿತದ್ದು ಅದೇ ತೊಗಲಿನ ಮೇಲೆ. ಹೊಲಿಗೆ ಒಂದೆಡೆ ಬಿಚ್ಚಿದ್ದರೂ ಅವರ ಜೀವಕ್ಕೆ ಅಪಾಯ. ಊರಾಚೆಯ ಕೇರಿಯಲ್ಲಿ ಕುಳಿತು ಆ ಹೊಲಿಗೆ ಹಾಕಿದವನ ಹೆಸರನ್ನು ಪಾಯಸ್ ಬರೆಯಲಿಲ್ಲ, ವೆಲ್ಲೆಸ್ಲಿಯೂ ಬರೆಯಲಿಲ್ಲ. ಹೊಳೆ ದಾಟಿದವರು ದಾಟಿಸಿದ ಅಂಬಿಗನಿಗೆ ಕೈಮುಗಿದಿರಬಹುದು. ನೀರನ್ನು ತಡೆದು ನಿಲ್ಲಿಸಿದವನನ್ನು ನೆನೆದವರು ಕಡಿಮೆ.

ಹಂಪಿಯಲ್ಲೋ ಹೊಗೇನಕಲ್‌ನಲ್ಲೋ ಪ್ರವಾಸಿಗರು ಈಗಲೂ ಹರಿಗೋಲು ಏರುತ್ತಾರೆ, ಅದು ತಿರುಗಿದಾಗ ನಗುತ್ತಾರೆ. ಅಲ್ಲಿಗೆ ಹೋದವರು ತಳಕ್ಕೆ ಬಳಿದ ಕಪ್ಪು ಡಾಂಬರನ್ನು ಒಮ್ಮೆ ಗಮನಿಸಬೇಕು. ಅದು ಇರುವ ಜಾಗದಲ್ಲಿ ಶತಮಾನಗಳ ಕಾಲ ಇನ್ನೊಬ್ಬರ ಕೈಕೆಲಸ ಇತ್ತು.